ಕಲಿಸಲು ಹೋದವರ ಉಚ್ಚಾರವೇ ತಪ್ಪೆನಿಸಿದಾಗ: ಇಂಗ್ಲಿಷ್ ನುಡಿಯ ಒಂದು ಇತಿಹಾಸ



ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ, ಮೊಹಲ್ಲಾಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: "ಅಲ್ಲಿಯ ಟೀಚರ್ ಇಂಗ್ಲಿಷ್ ಹೇಗೆ ಮಾತಾಡುತ್ತಾರೆ?" ಅವರು ಪಾಠವನ್ನು ಹೇಗೆ ಮಾಡುತ್ತಾರೆ, ಮಗುವಿಗೆ ಅರ್ಥವಾಗುವಂತೆ ಹೇಳುತ್ತಾರೆಯೇ ಎಂಬುದು ಆಮೇಲಿನ ಮಾತು. ಮೊದಲು ನಾವು ತೂಗುವುದು ಅವರ ಉಚ್ಚಾರವನ್ನು. ಈ ತೂಕಕ್ಕೆ ನಾವು ಬಳಸುವ ತಕ್ಕಡಿ ಯಾವುದು? "ಇಂಗ್ಲಿಷರು ಮಾತಾಡಿದ ಹಾಗೆ ಇರಬೇಕು" ಎಂಬುದು. ಇಂಗ್ಲಿಷ್ ತಾಯಿನುಡಿಯಾಗಿರುವವರೆಲ್ಲ ಒಂದೇ ರೀತಿ ಮಾತಾಡುತ್ತಾರೆ, ಅವರ ಉಚ್ಚಾರದಲ್ಲಿ ತಪ್ಪು ಹುಡುಕುವವರು ಯಾರೂ ಇಲ್ಲ ಎಂದು ನಾವು ನಂಬಿಬಿಟ್ಟಿದ್ದೇವೆ.

ಇತಿಹಾಸ ಈ ನಂಬಿಕೆಯನ್ನು ಒಪ್ಪುವುದಿಲ್ಲ. ಇಂಗ್ಲಿಷ್ ತಾಯಿನುಡಿಯವರೇ ಬೇರೆ ನಾಡಿಗೆ ಹೋಗಿ ಇಂಗ್ಲಿಷ್ ಕಲಿಸಲು ನಿಂತಾಗ, "ನಿಮ್ಮ ಉಚ್ಚಾರ ಸರಿಯಿಲ್ಲ" ಎಂಬ ಮಾತನ್ನು ಮತ್ತೆ ಮತ್ತೆ ಕೇಳಿದ್ದಾರೆ. ಇದು ಇಂದು ನಿನ್ನೆಯ ಸಂಗತಿಯಲ್ಲ. ಸುಮಾರು 250 ವರ್ಷಗಳ ಹಿಂದಕ್ಕೆ ಹೋದರೆ ಇದರ ಒಂದು ಸ್ವಾರಸ್ಯಕರ ಅಧ್ಯಾಯ ತೆರೆದುಕೊಳ್ಳುತ್ತದೆ. ಬನ್ನಿ, ಅಲ್ಲಿಂದಲೇ ಪ್ರಾರಂಭಿಸೋಣ.

ಎಡಿನ್‌ಬರೊ ನಗರದ ಪಾಠಶಾಲೆ

1707ರಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಒಂದೇ ರಾಜ್ಯವಾದವು. ಸ್ಕಾಟ್ಲೆಂಡಿನ ಸಂಸತ್ತು ಮುಚ್ಚಿತು. ಅಲ್ಲಿಯ 45 ಪ್ರತಿನಿಧಿಗಳು ಲಂಡನ್ನಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಹೋಗಿ ಕುಳಿತುಕೊಳ್ಳಬೇಕಾಯಿತು. ದೊಡ್ಡ ನೌಕರಿ, ದೊಡ್ಡ ವಕಾಲತ್ತು, ದೊಡ್ಡವರ ಸ್ನೇಹ, ಎಲ್ಲಕ್ಕೂ ಲಂಡನ್ನಿನ ಬಾಗಿಲನ್ನೇ ತಟ್ಟಬೇಕಾಯಿತು. ಅಲ್ಲಿ ಸ್ಕಾಟ್ಲೆಂಡಿನವರು ಬಾಯಿ ತೆರೆದರೆ ಜನ ನಗುತ್ತಿದ್ದರು. ವಿದ್ಯೆಯಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ದಾರ್ಶನಿಕ ಡೇವಿಡ್ ಹ್ಯೂಮ್, ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಅದೇ ನಾಡಿನವರು. ಆದರೂ ಹ್ಯೂಮ್ ಅವರು 1752ರಲ್ಲಿ ತಮ್ಮ ಪುಸ್ತಕವೊಂದರ ಜೊತೆ, ಬರವಣಿಗೆಯಲ್ಲಿ ಬಳಸಬಾರದ ಸ್ಕಾಟಿಷ್ ಪದಪ್ರಯೋಗಗಳ ಪಟ್ಟಿಯನ್ನೇ ಸೇರಿಸಿದರು. ಜಗತ್ತಿಗೆ ತರ್ಕ ಕಲಿಸಿದ ವ್ಯಕ್ತಿಗೂ ತನ್ನ ನುಡಿಯ ಬಗ್ಗೆ ಅಂಜಿಕೆ!

ಇಂಥ ಹೊತ್ತಿನಲ್ಲಿ, 1761ರ ಬೇಸಿಗೆಯಲ್ಲಿ, ಎಡಿನ್‌ಬರೊ ನಗರಕ್ಕೆ ಥಾಮಸ್ ಶೆರಿಡನ್ ಎಂಬ ನಟರು ಬಂದರು. ನಾಟಕಕಾರ ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್ ಅವರ ತಂದೆ ಇವರು. ಶುದ್ಧ ಇಂಗ್ಲಿಷನ್ನು ಹೇಗೆ ಉಚ್ಚರಿಸಬೇಕು, ಸಭೆಯಲ್ಲಿ ಹೇಗೆ ಮಾತನಾಡಬೇಕು ಎಂಬುದರ ಮೇಲೆ ಉಪನ್ಯಾಸ ಮಾಲೆ ಏರ್ಪಟ್ಟಿತು. ನಗರದ ವಕೀಲರು, ಪಾದ್ರಿಗಳು, ಪ್ರಾಧ್ಯಾಪಕರು, ಶ್ರೀಮಂತರು ಎಲ್ಲರೂ ಸೇರಿ ಸುಮಾರು 300 ಮಂದಿ ಗಣ್ಯರು ಶಿಷ್ಯರಂತೆ ಕುಳಿತು ಕೇಳಿದರು. ಮಹಿಳೆಯರಿಗೆಂದು ಬೇರೆ ಉಪನ್ಯಾಸಗಳೂ ನಡೆದವು. ಇದೇ ಉತ್ಸಾಹದಲ್ಲಿ, ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷ್ ಓದು ಮತ್ತು ಮಾತನ್ನು ಬೆಳೆಸಲು ಒಂದು ಸಂಘವೂ ಹುಟ್ಟಿಕೊಂಡಿತು.

ಇಷ್ಟೆಲ್ಲ ಸರಿ. ಆದರೆ ಈ ಉಚ್ಚಾರದ ಗುರುಗಳು ಯಾವ ಊರಿನವರು? ಅವರು ಲಂಡನ್ನಿನವರಲ್ಲ, ಇಂಗ್ಲೆಂಡಿನವರೂ ಅಲ್ಲ. ಐರ್ಲೆಂಡಿನವರು! ಡಬ್ಲಿನ್ನಿನ ಸ್ಮಾಕ್ ಆಲಿ ನಾಟಕಶಾಲೆಯನ್ನು ನಡೆಸಿದವರು. ಐರ್ಲೆಂಡಿನವರೊಬ್ಬರು ಸ್ಕಾಟ್ಲೆಂಡಿನವರಿಗೆ ಇಂಗ್ಲೆಂಡಿನ ಉಚ್ಚಾರ ಕಲಿಸಲು ನಿಂತಿದ್ದರು. ಇದನ್ನು ಕಂಡು ಆಡಿಕೊಂಡವರು ಬಹಳ. ಸಂಘವಾದರೂ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿತು. ಸ್ಕಾಟ್ಲೆಂಡಿನ ಜನ ಇಂದಿಗೂ ಸ್ಕಾಟ್ಲೆಂಡಿನ ಧಾಟಿಯಲ್ಲೇ ಇಂಗ್ಲಿಷ್ ಮಾತನಾಡುತ್ತಾರೆ.

ಟೀಕಿಸಿದವರ ಉಚ್ಚಾರ ಹೇಗಿತ್ತು?

ಶೆರಿಡನ್ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ಪದದ ಉಚ್ಚಾರವನ್ನು ತೋರಿಸುವ ನಿಘಂಟೊಂದನ್ನು ರಚಿಸಲು ಹೊರಟರು. ಈ ಸುದ್ದಿಯನ್ನು ಜೇಮ್ಸ್ ಬಾಸ್ವೆಲ್ ಅವರು 1772ರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಅವರಿಗೆ ತಿಳಿಸಿದರು. 1755ರಲ್ಲಿ ಇಂಗ್ಲಿಷಿನ ಮಹಾ ನಿಘಂಟನ್ನು ಹೊರತಂದ ಆ ಜಾನ್ಸನ್ ಅವರೇ. ಅವರ ಉತ್ತರ ಖಾರವಾಗಿತ್ತು. ಇಂಗ್ಲಿಷಿನ ಉಚ್ಚಾರವನ್ನು ನಿಗದಿ ಮಾಡಲು ಈ ಮನುಷ್ಯನಿಗೆ ಏನು ಅಧಿಕಾರವಿದೆ, ಮೊದಲನೆಯದಾಗಿ ಆತ ಐರ್ಲೆಂಡಿನವನಲ್ಲವೇ ಎಂಬುದು ಅವರ ಮಾತಿನ ತಾತ್ಪರ್ಯ.

ಆದರೆ ಅದೇ ಸಂಭಾಷಣೆಯಲ್ಲಿ ಜಾನ್ಸನ್ ಅವರು ಮತ್ತೊಂದು ಸಂಗತಿಯನ್ನೂ ಹೇಳಿದರು. ತಾವು ನಿಘಂಟಿನ ಯೋಜನೆಯನ್ನು ಪ್ರಕಟಿಸಿದ ಕಾಲದಲ್ಲಿ ಲಾರ್ಡ್ ಚೆಸ್ಟರ್‌ಫೀಲ್ಡ್ ಅವರು, ಇಂದು ನಾವೆಲ್ಲ 'ಗ್ರೇಟ್' ಎನ್ನುವ ಪದವನ್ನು 'ಸ್ಟೇಟ್' ಎಂಬುದಕ್ಕೆ ಪ್ರಾಸವಾಗುವಂತೆ ಹೇಳಬೇಕು ಎಂದರಂತೆ. ಸರ್ ವಿಲಿಯಂ ಯಂಗ್ ಅವರಾದರೋ ಅದು 'ಸೀಟ್' ಎಂಬುದಕ್ಕೆ ಪ್ರಾಸವಾಗಬೇಕು, ಅಂದರೆ 'ಗ್ರೀಟ್' ಎನ್ನಬೇಕು, 'ಗ್ರೇಟ್' ಎನ್ನುವವನು ಐರ್ಲೆಂಡಿನವನೇ ಇರಬೇಕು ಎಂದರಂತೆ. ಒಬ್ಬರು ಹೌಸ್ ಆಫ್ ಲಾರ್ಡ್ಸ್‌ನ ಶ್ರೇಷ್ಠ ಮಾತುಗಾರರು, ಇನ್ನೊಬ್ಬರು ಹೌಸ್ ಆಫ್ ಕಾಮನ್ಸ್‌ನ ಶ್ರೇಷ್ಠ ಮಾತುಗಾರರು. ಒಂದು ಚಿಕ್ಕ ಪದದಲ್ಲಿ ಇಬ್ಬರಿಗೂ ಒಮ್ಮತವಿಲ್ಲ! ಓದುಗರೇ, ಕೊನೆಗೆ ಗೆದ್ದದ್ದು ಯಾವುದೆಂದು ನೀವೇ ನೋಡಿ. ಐರ್ಲೆಂಡಿನವರ ಉಚ್ಚಾರವೆಂದು ತಳ್ಳಿಹಾಕಿದ್ದ 'ಗ್ರೇಟ್' ಇಂದು ಇಡೀ ಜಗತ್ತಿನ ಉಚ್ಚಾರವಾಗಿದೆ.

ಇನ್ನು ಜಾನ್ಸನ್ ಅವರ ಸ್ವಂತ ಉಚ್ಚಾರದ ವಿಷಯ. ಅವರು ಸ್ಟಾಫರ್ಡ್‌ಶೈರಿನ ಲಿಚ್‌ಫೀಲ್ಡ್ ಎಂಬ ಊರಿನವರು. ತಮ್ಮ ಊರಿನ ಜನ ಅತ್ಯಂತ ಶುದ್ಧ ಇಂಗ್ಲಿಷ್ ಮಾತನಾಡುತ್ತಾರೆ ಎಂಬುದು ಅವರ ಅಭಿಮಾನ. ಬಾಸ್ವೆಲ್ ಅವರು 1776ರಲ್ಲಿ ಆ ಊರಿಗೆ ಹೋದಾಗ ಇದನ್ನು ಒಪ್ಪಲಿಲ್ಲ. ಅಲ್ಲಿಯವರು 'ಒನ್ಸ್' ಎಂಬುದನ್ನು 'ವುನ್ಸ್' ಎನ್ನುತ್ತಾರೆಂದು ಬರೆದಿಟ್ಟರು. ಜಾನ್ಸನ್ ಅವರ ಶಿಷ್ಯರೂ ಅದೇ ಊರಿನವರೂ ಆದ ಪ್ರಖ್ಯಾತ ನಟ ಡೇವಿಡ್ ಗ್ಯಾರಿಕ್ ಅವರು, ಗುರುಗಳು 'ಪಂಚ್' ಎಂಬ ಪಾನೀಯವನ್ನು 'ಪುಂಚ್' ಎಂದು ಹೇಳುವುದನ್ನು ಅಣಕಿಸಿ ಸ್ನೇಹಿತರನ್ನು ನಗಿಸುತ್ತಿದ್ದರು. ನಿಘಂಟು ಬರೆದವರ ಉಚ್ಚಾರವೂ ನಗೆಗೆ ಹೊರತಾಗಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಇಂಥಲ್ಲೇ ಸರಿಹೊಂದುತ್ತದೆ.

ತಪ್ಪು ಒಪ್ಪಾಗುವ ಬಗೆ

ಶೆರಿಡನ್ ಅವರ ನಿಘಂಟು 1780ರಲ್ಲಿ ಹೊರಬಂತು. ಅವರು 'ಸೂಟ್' ಮುಂತಾದ ಹಲವು ಪದಗಳ ಸಕಾರವನ್ನು ಶಕಾರದಂತೆ ತೋರಿಸಿದ್ದಾರೆ ಎಂದು ಟೀಕೆಗಳು ಬಂದವು. ಇದು ಐರ್ಲೆಂಡಿನ ಪ್ರಭಾವ ಎಂದರು. ಆದರೆ ಇದೇ ಬಗೆಯ ಶಕಾರ 'ಶುಗರ್', 'ಶ್ಯೂರ್' ಎಂಬ ಪದಗಳಲ್ಲಿ ಯಾರ ಆಕ್ಷೇಪವೂ ಇಲ್ಲದೆ ಇಂದಿಗೂ ಉಳಿದಿದೆ. ಒಂದು ಪದದಲ್ಲಿ ದೋಷ, ಇನ್ನೊಂದು ಪದದಲ್ಲಿ ಶಿಷ್ಟಾಚಾರ! ಇದಕ್ಕೆ ಬಳಕೆಯ ಹೊರತು ಬೇರೆ ಕಾರಣವಿಲ್ಲ.

1791ರಲ್ಲಿ ಜಾನ್ ವಾಕರ್ ಎಂಬ ಮತ್ತೊಬ್ಬ ನಟರು ಉಚ್ಚಾರ ನಿಘಂಟನ್ನು ಪ್ರಕಟಿಸಿದರು. ಅದು ಹತ್ತಾರು ವರ್ಷ ಮನೆಮನೆಯ ಪುಸ್ತಕವಾಯಿತು. ಅದರ ಪ್ರಾರಂಭದಲ್ಲಿ ಐರ್ಲೆಂಡಿನವರು, ಸ್ಕಾಟ್ಲೆಂಡಿನವರು ತಿದ್ದಿಕೊಳ್ಳಬೇಕಾದ ತಪ್ಪುಗಳ ವಿವರವಿದೆ. ಅವರ ಜೊತೆಗೆ ಲಂಡನ್ನಿನವರು ತಿದ್ದಿಕೊಳ್ಳಬೇಕಾದ ತಪ್ಪುಗಳೂ ಇವೆ. ಹಾಗಾದರೆ ತಿದ್ದಿಕೊಳ್ಳಬೇಕಾಗಿಲ್ಲದವರು ಯಾರು ಉಳಿದರು? ರಾಜಧಾನಿಯ ಸಾಮಾನ್ಯ ಜನರೂ ತಮ್ಮ ತಾಯಿನುಡಿಯ ಪರೀಕ್ಷೆಯಲ್ಲಿ ನಪಾಸಾದರು.

ರಕಾರದ ಕಥೆಯಂತೂ ಎಲ್ಲಕ್ಕಿಂತ ಸ್ವಾರಸ್ಯಕರ. ನಮ್ಮ ಮಕ್ಕಳು 'ಕಾರ್ಡ್', 'ಟೀಚರ್' ಎನ್ನುವಾಗ ರಕಾರವನ್ನು ಸ್ಪಷ್ಟವಾಗಿ ಹೇಳುತ್ತಾರೆ. "ಹಾಗಲ್ಲ, 'ಕಾಡ್', 'ಟೀಚ' ಎನ್ನಬೇಕು, ಅದೇ ಸರಿಯಾದ ಬ್ರಿಟಿಷ್ ಉಚ್ಚಾರ" ಎಂದು ಅವರನ್ನು ತಿದ್ದುವವರಿದ್ದಾರೆ. ಆದರೆ ಒಂದು ಕಾಲದಲ್ಲಿ ಇಂಗ್ಲೆಂಡಿನವರೂ ಈ ರಕಾರವನ್ನು ಹೇಳುತ್ತಿದ್ದರು. ಲಂಡನ್ನಿನಲ್ಲಿ ಅದು ಸವೆಯುತ್ತಿದೆ ಎಂದು ವಾಕರ್ ಅವರೇ ಗುರುತಿಸಿದರು. 1818ರಲ್ಲಿ ಎಡಿನ್‌ಬರೊದ ಪತ್ರಿಕೆಯೊಂದು ಲಂಡನ್ನಿನ ಕವಿ ಕೀಟ್ಸ್ ಅವರನ್ನು ಹೀಗಳೆಯಿತು. ಹೀಗಳೆಯಲು ಸಿಕ್ಕ ಕಾರಣಗಳಲ್ಲಿ ರಕಾರವನ್ನು ಲೆಕ್ಕಕ್ಕಿಡದೆ ಕೂಡಿಸಿದ ಪ್ರಾಸಗಳೂ ಸೇರಿದ್ದವು. ಅವು 'ಕಾಕ್ನಿ' ಪ್ರಾಸಗಳು, ಅಂದರೆ ಲಂಡನ್ನಿನ ಕೆಳದರ್ಜೆಯವರ ಪ್ರಾಸಗಳು ಎಂದರು. ಅರವತ್ತು ವರ್ಷಗಳ ಹಿಂದೆ ಉಚ್ಚಾರ ಕಲಿಯಲು ಕುಳಿತಿದ್ದ ಊರೇ ಈಗ ಲಂಡನ್ನಿನವರ ಉಚ್ಚಾರವನ್ನು ನೋಡಿ ನಕ್ಕಿತು! ಮುಂದೆ ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ರಕಾರವಿಲ್ಲದ ಉಚ್ಚಾರ ಇಂಗ್ಲೆಂಡಿನ ದೊಡ್ಡ ಮನೆತನಗಳ ಉಚ್ಚಾರವಾಗಿ, ಅದೇ ಅತ್ಯುತ್ತಮ ಎನಿಸಿಕೊಂಡಿತು. ಅಮೆರಿಕದ ಬಹುಪಾಲು ಜನ, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನವರು ಇಂದಿಗೂ ರಕಾರವನ್ನು ಉಳಿಸಿಕೊಂಡಿದ್ದಾರೆ. ನಮ್ಮ ಮಕ್ಕಳು ಅವರ ಸಾಲಿನಲ್ಲೇ ಇದ್ದಾರೆ ಎನ್ನಬಹುದು.

ನೂರಕ್ಕೆ ಮೂವರ ಉಚ್ಚಾರ

ನಾವು 'ಶುದ್ಧ ಬ್ರಿಟಿಷ್ ಉಚ್ಚಾರ' ಎನ್ನುವುದಕ್ಕೆ ವಿದ್ವಾಂಸರು 'ರಿಸೀವ್ಡ್ ಪ್ರೊನನ್ಸಿಯೇಷನ್' ಎಂಬ ಹೆಸರು ಕೊಟ್ಟಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಡೇನಿಯಲ್ ಜೋನ್ಸ್ ಅವರು 1917ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಉಚ್ಚಾರ ನಿಘಂಟು ಇದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅವರು ಮೊದಲು ಇದನ್ನು ಕರೆದದ್ದು 'ಪಬ್ಲಿಕ್ ಸ್ಕೂಲ್ ಉಚ್ಚಾರ' ಎಂದು. ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಸರ್ಕಾರಿ ಶಾಲೆಯಲ್ಲ, ದೊಡ್ಡ ಶುಲ್ಕ ತೆತ್ತು ಸೇರುವ ವಸತಿ ಶಾಲೆ. ಗಂಡಸರು ಅಂಥ ಶಾಲೆಗಳಲ್ಲಿ ಓದಿಬಂದಿರುವ ದಕ್ಷಿಣ ಇಂಗ್ಲೆಂಡಿನ ಕುಟುಂಬಗಳ ಮಾತೇ ಈ ಮಾದರಿ. ಜೋನ್ಸ್ ಅವರು ಪ್ರಾಮಾಣಿಕರು. ಹೀಗೇ ಮಾತನಾಡಬೇಕೆಂದು ಯಾರ ಮೇಲೂ ಹೇರುವ ಉದ್ದೇಶ ತಮಗಿಲ್ಲ, ಇರುವುದನ್ನು ದಾಖಲಿಸುತ್ತಿದ್ದೇನೆ ಅಷ್ಟೆ ಎಂಬುದು ಅವರ ನಿಲುವಾಗಿತ್ತು. ಆದರೆ ಅವರ ನಿಘಂಟು ಹಿಡಿದವರು ಅದನ್ನು ಕಾನೂನಿನ ಪುಸ್ತಕದಂತೆ ಹಿಡಿದರು.

ಬ್ರಿಟನ್ನಿನಲ್ಲಿ ಎಷ್ಟು ಜನ ಹೀಗೆ ಮಾತನಾಡುತ್ತಾರೆ? ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ ಅವರು 1974ರಲ್ಲಿ ಮಾಡಿದ ಅಂದಾಜು ನೂರಕ್ಕೆ 3 ಮಂದಿ! ಅಂದರೆ ನಾವು ಯಾವುದನ್ನು ಇಂಗ್ಲಿಷರ ಉಚ್ಚಾರ ಎಂದು ತಿಳಿದಿದ್ದೇವೋ ಅದು ನೂರು ಜನರಲ್ಲಿ 97 ಮಂದಿಯ ಬಾಯಲ್ಲಿಲ್ಲ.

ಇದಕ್ಕೆ ಬಿಬಿಸಿ ರೇಡಿಯೋ ಇತಿಹಾಸವೂ ಸಾಕ್ಷಿ. 1926ರಲ್ಲಿ ಬಿಬಿಸಿಯು ವಾರ್ತೆ ಓದುವವರಿಗೆ ಉಚ್ಚಾರ ನಿರ್ಧರಿಸಲು ಸಲಹಾ ಸಮಿತಿ ರಚಿಸಿತು. ಕವಿ ರಾಬರ್ಟ್ ಬ್ರಿಜಸ್ ಅದರ ಅಧ್ಯಕ್ಷರು. ಜೋನ್ಸ್ ಅವರೂ ಸದಸ್ಯರು. 1930ರಲ್ಲಿ ಅಧ್ಯಕ್ಷರಾದವರು ಜಾರ್ಜ್ ಬರ್ನಾರ್ಡ್ ಷಾ. ಹೂ ಮಾರುವ ಹುಡುಗಿಯೊಬ್ಬಳ ಉಚ್ಚಾರವನ್ನು ತಿದ್ದಿ ಶ್ರೀಮಂತ ಮಹಿಳೆಯೆಂದು ಜನರನ್ನು ನಂಬಿಸುವ 'ಪಿಗ್ಮೇಲಿಯನ್' ನಾಟಕ ಬರೆದವರು. ಅವರೂ ಡಬ್ಲಿನ್ನಿನಲ್ಲಿ ಹುಟ್ಟಿದವರೇ! ಸಮಿತಿಯ ಕಾರ್ಯದರ್ಶಿ ಲಾಯ್ಡ್ ಜೇಮ್ಸ್ ವೇಲ್ಸ್ ನಾಡಿನವರು. ಇಂಥ ಸಮಿತಿಯಲ್ಲೂ ಒಂದೊಂದು ಪದಕ್ಕೆ ಒಮ್ಮತ ಮೂಡಿಸುವುದು ಸುಲಭವಾಗಿರಲಿಲ್ಲ. 1939ರಲ್ಲಿ ಯುದ್ಧ ಪ್ರಾರಂಭವಾದಾಗ ಸಮಿತಿಯ ಕೆಲಸ ನಿಂತಿತು. ಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಶೈರಿನ ವಿಲ್ಫ್ರೆಡ್ ಪಿಕಲ್ಸ್ ಅವರು ತಮ್ಮ ಸೀಮೆಯ ಧಾಟಿಯಲ್ಲೇ ರಾಷ್ಟ್ರೀಯ ವಾರ್ತೆ ಓದಿದರು. ಕೇಳುಗರಿಂದ ಆಕ್ಷೇಪಣೆಗಳು ಬಂದವು. ತಮ್ಮದೇ ದೇಶದವನು, ತಮ್ಮದೇ ಭಾಷೆಯಲ್ಲಿ, ಅರ್ಥವಾಗುವಂತೆ ಓದಿದ ವಾರ್ತೆ ಕೆಲವರ ಕಿವಿಗೆ ವಾರ್ತೆಯಂತೆಯೇ ಕೇಳಿಸಲಿಲ್ಲ!

ಕಡಲಾಚೆಗೆ ಹೋದ ಶಿಕ್ಷಕರು

ಇಷ್ಟು ಹಿನ್ನೆಲೆ ತಿಳಿದ ಮೇಲೆ, ದೂರದ ದೇಶಗಳಿಗೆ ಕಲಿಸಲು ಹೋದವರ ಕಷ್ಟ ನಮಗೆ ಅರ್ಥವಾಗುತ್ತದೆ. ಜಪಾನನ್ನೇ ನೋಡಿ. 1922ರಲ್ಲಿ ಅಲ್ಲಿಯ ಸರ್ಕಾರಕ್ಕೆ ಸಲಹೆ ನೀಡಲು ಇಂಗ್ಲೆಂಡಿನಿಂದ ಹೆರಾಲ್ಡ್ ಪಾಮರ್ ಅವರು ಹೋದರು. ಅವರು ಲಂಡನ್ನಿನಲ್ಲಿ ಜೋನ್ಸ್ ಅವರ ಸಹೋದ್ಯೋಗಿಯಾಗಿದ್ದವರು. ಮರುವರ್ಷವೇ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. ಆ ಕಾಲದಲ್ಲಿ ಬ್ರಿಟಿಷ್ ಉಚ್ಚಾರಕ್ಕೆ ಅಲ್ಲಿ ದೊಡ್ಡ ಗೌರವ. 1945ರಲ್ಲಿ ಜಪಾನ್ ಸೋತು ಅಮೆರಿಕದ ಸೈನ್ಯ ಬಂದ ಮೇಲೆ ಗಾಳಿಯ ದಿಕ್ಕೇ ಬದಲಾಯಿತು. 1946ರಲ್ಲಿ ರೇಡಿಯೋದಲ್ಲಿ ಪ್ರಾರಂಭವಾದ ಇಂಗ್ಲಿಷ್ ಪಾಠ ಮನೆಮನೆಯಲ್ಲೂ ಜನಪ್ರಿಯವಾಯಿತು. ಅಮೆರಿಕನ್ ಉಚ್ಚಾರವೇ ಮಾದರಿಯಾಗುತ್ತ ಬಂತು. ಉಚ್ಚಾರದ ಗುಣ ಹೆಚ್ಚು ಕಡಿಮೆಯಾದದ್ದರಿಂದ ಹೀಗಾಗಲಿಲ್ಲ. ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಬದಲಾದದ್ದರಿಂದ ಆಯಿತು.

1987ರಲ್ಲಿ ಜಪಾನ್ ಸರ್ಕಾರ 'ಜೆಟ್' ಎಂಬ ಯೋಜನೆಯಲ್ಲಿ ಇಂಗ್ಲಿಷ್ ತಾಯಿನುಡಿಯ ಯುವಕ ಯುವತಿಯರನ್ನು ಶಾಲೆಗಳಿಗೆ ಕರೆಸಿಕೊಂಡಿತು. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಂಬ ನಾಲ್ಕು ದೇಶಗಳಿಂದ 848 ಮಂದಿ ಬಂದರು. ಅವರೆಲ್ಲರ ಇಂಗ್ಲಿಷ್ ಒಂದೇ ಆಗಿರಲು ಸಾಧ್ಯವೇ? ಆಸ್ಟ್ರೇಲಿಯಾದವರ 'ಟುಡೇ' ಹೊಸಬರ ಕಿವಿಗೆ 'ಟುಡೈ' ಎಂದು ಕೇಳಿಸುತ್ತದೆ. ನ್ಯೂಜಿಲೆಂಡಿನವರ 'ಪೆನ್' 'ಪಿನ್' ಎಂಬಂತಿರುತ್ತದೆ. ಉತ್ತರ ಇಂಗ್ಲೆಂಡಿನವರು 'ಬಸ್' ಎಂಬುದನ್ನು 'ಬುಸ್' ಎನ್ನುತ್ತಾರೆ, ಜಾನ್ಸನ್ ಅವರು 'ಪುಂಚ್' ಎಂದ ಹಾಗೆ. ಅಮೆರಿಕನ್ ಧಾಟಿಗೆ ಒಗ್ಗಿದ್ದ ಕಿವಿಗಳಿಗೆ ಇವೆಲ್ಲ ತಪ್ಪೆಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಕೊರಿಯಾ, ತೈವಾನ್‌ಗಳಲ್ಲೂ ಅಮೆರಿಕನ್ ಧಾಟಿಗೇ ಮಣೆ. ತೈವಾನಿನ ಶಾಲೆಗಳಲ್ಲಿ ಉಚ್ಚಾರ ಚಿಹ್ನೆಗಳನ್ನು 'ಕೆಕೆ' ಎಂದು ಕರೆಯುತ್ತಾರೆ. 1944ರಲ್ಲಿ ಕೆನ್ಯನ್ ಮತ್ತು ನಾಟ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು ರಚಿಸಿದ ನಿಘಂಟಿನಿಂದ ಬಂದ ಹೆಸರದು. ಆ ಚಿಹ್ನೆಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಲಂಡನ್ನಿನ ಶಿಕ್ಷಕರ 'ಡಾನ್ಸ್' ತಪ್ಪು, 'ಡ್ಯಾನ್ಸ್' ಸರಿ. ಶಿಕ್ಷಕರ ತಾಯಿನುಡಿಯನ್ನು ಶಿಷ್ಯನು ಪುಸ್ತಕ ನೋಡಿ ತಿದ್ದುವ ಕಾಲ ಬಂತು!

ನಮಗೆ ಇಂಗ್ಲಿಷ್ ಕಲಿಸಿದವರು ಯಾರು?

ಈಗ ನಮ್ಮ ಕಡೆಗೆ ಬರೋಣ. 'ಕಾನ್ವೆಂಟ್ ಇಂಗ್ಲಿಷ್' ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದನ್ನು ತಂದವರು ಯಾರು? 1830ರಲ್ಲಿ ಕಲ್ಕತ್ತೆಯಲ್ಲಿ ಇಂಗ್ಲಿಷ್ ಶಾಲೆ ತೆರೆದ ಅಲೆಗ್ಸಾಂಡರ್ ಡಫ್ ಅವರು ಸ್ಕಾಟ್ಲೆಂಡಿನವರು. 1840ರ ದಶಕದಲ್ಲಿ ಅದೇ ನಗರದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಲೊರೆಟೊ ಸನ್ಯಾಸಿನಿಯರು ಐರ್ಲೆಂಡಿನವರು. 1834ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದ ಬಾಸೆಲ್ ಮಿಷನ್ನಿನವರ ತಾಯಿನುಡಿ ಜರ್ಮನ್. 1880ರಲ್ಲಿ ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದವರು ಇಟಲಿಯ ಜೆಸ್ಯೂಟ್ ಪಾದ್ರಿಗಳು. 1882ರಲ್ಲಿ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿಗೆ ಅಡಿಪಾಯ ಹಾಕಿದವರು ಫ್ರಾನ್ಸಿನ ಪಾದ್ರಿಗಳು. ಇವರಲ್ಲಿ ಯಾರ ಮನೆಮಾತೂ ಆ ನೂರಕ್ಕೆ ಮೂವರ ಇಂಗ್ಲಿಷ್ ಆಗಿರಲಿಲ್ಲ. ಆದರೂ ಇಂಥ ಸಂಸ್ಥೆಗಳಿಂದ ನ್ಯಾಯಾಧೀಶರು, ವೈದ್ಯರು, ಲೇಖಕರು ಹೊರಬಂದರು. ಅಲ್ಲಿಯ ಗುರುಗಳಲ್ಲಿ ವಿದ್ಯೆಯಿತ್ತು, ಶಿಸ್ತಿತ್ತು, ಕಲಿಸುವ ಶ್ರದ್ಧೆಯಿತ್ತು. ಶಿಷ್ಯರಿಗೆ ದಕ್ಕಿದ್ದು ಅದೇ.

ಉರ್ದು ಓದಿದವರಿಗೆ ಈ ಕಥೆ ಹೊಸತೇನಲ್ಲ. 'ಶೀನ್-ಕಾಫ್ ದುರಸ್ತ್' ಇರಬೇಕೆಂಬ ಮಾತನ್ನು ನಾವು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ದಖನಿ ಮಾತನಾಡುವ ನಾವು ಕಂಠದ ಆಳದಿಂದ ಬರಬೇಕಾದ ಕಾಫನ್ನು 'ಖ' ಎನ್ನುತ್ತೇವೆಂದು ಉತ್ತರದವರು ನಗುತ್ತಾರೆ. ಆದರೆ ದೆಹಲಿಯವರೆಲ್ಲ ಶುದ್ಧರೇ? 1808ರಲ್ಲಿ ಲಖನೌದಲ್ಲಿದ್ದ ಇನ್ಷಾ ಅಲ್ಲಾ ಖಾನ್ ಇನ್ಷಾ ಅವರು ಉರ್ದು ವ್ಯಾಕರಣದ 'ದರಿಯಾ-ಎ-ಲತಾಫತ್' ಎಂಬ ಗ್ರಂಥ ರಚಿಸಿದರು. ಅದರಲ್ಲಿ ದೆಹಲಿಯ ಒಂದೊಂದು ಮೊಹಲ್ಲಾದ ಮಾತನ್ನು ತೂಗಿ ನೋಡಿ, ನಗರದ ಕೆಲವೇ ಭಾಗದವರ ಉರ್ದುವಿಗೆ ಶುದ್ಧವೆಂಬ ಮುದ್ರೆ ಒತ್ತಿದರು. ಅದಕ್ಕೂ ಎಷ್ಟೋ ಕಾಲ ಮೊದಲು ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ನುಸ್ರತಿ ಅವರಂಥ ಕವಿಗಳು ದಖನಿಯಲ್ಲಿ ಮಹಾಕಾವ್ಯಗಳನ್ನೇ ರಚಿಸಿದ್ದರು. ಕನ್ನಡದಲ್ಲೂ ಅಷ್ಟೆ. ಧಾರವಾಡದ 'ಹೋಗ್ತೀನ್ರಿ', ಮೈಸೂರಿನ 'ಹೋಗ್ತೀನಿ', ಮಂಗಳೂರಿನ 'ಹೋಗ್ತೇನೆ' ಇವುಗಳಲ್ಲಿ ಯಾವುದು ಕನ್ನಡವಲ್ಲ?

ಹಾಗಾದರೆ ಉಚ್ಚಾರ ಬೇಡವೇ?

ಹಾಗೆಂದು ಉಚ್ಚಾರ ಹೇಗಿದ್ದರೂ ನಡೆಯುತ್ತದೆ ಎಂದು ಯಾರೂ ಭಾವಿಸಬಾರದು. ಮಾತು ಇರುವುದು ಇನ್ನೊಬ್ಬರಿಗೆ ತಿಳಿಯಲಿ ಎಂದು. ಅದು ತಿಳಿಯದಂತಾದರೆ ಕಲಿತದ್ದು ವ್ಯರ್ಥ. ಇಲ್ಲಿ ಮತ್ತೆ ಎಡಿನ್‌ಬರೊ ನಗರದ ಹೆಸರೇ ಬರುತ್ತದೆ. ಜೋನ್ಸ್ ಅವರ ಶಿಷ್ಯ ಡೇವಿಡ್ ಅಬರ್‌ಕ್ರಾಂಬಿ ಅವರು 1948ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಧ್ವನಿವಿಜ್ಞಾನ ವಿಭಾಗವನ್ನು ಕಟ್ಟಿದರು. ಉಚ್ಚಾರದ ಕಾರಣಕ್ಕೆ ಮನುಷ್ಯರನ್ನು ದೂರವಿಡುವುದು ಮೈಬಣ್ಣದ ಕಾರಣಕ್ಕೆ ದೂರವಿಡುವುದಕ್ಕೆ ಸಮಾನ ಎಂದು 1951ರಲ್ಲಿ ಅವರು ವಾದಿಸಿದರು. ಬೇರೆ ಭಾಷೆಯ ಬಹುಪಾಲು ವಿದ್ಯಾರ್ಥಿಗಳಿಗೆ ಬೇಕಾದದ್ದು ಕೇಳುವವರಿಗೆ ಆಯಾಸವಿಲ್ಲದೆ ಅರ್ಥವಾಗುವಂಥ ಉಚ್ಚಾರ, ಅದಕ್ಕಿಂತ ಹೆಚ್ಚಿನದು ಅಗತ್ಯವಿಲ್ಲ ಎಂಬುದು ಅವರ ಅಭಿಪ್ರಾಯ. 190 ವರ್ಷಗಳ ಹಿಂದೆ ಯಾವ ನಗರದ ಗಣ್ಯರು ತಮ್ಮ ನಾಲಗೆಗೆ ನಾಚಿ ಕುಳಿತಿದ್ದರೋ ಅದೇ ನಗರದಿಂದ ಈ ಮಾತು ಬಂದದ್ದು ಗಮನಾರ್ಹ.

1979ರಲ್ಲಿ ಹವಾಯಿಯ ಲ್ಯಾರಿ ಸ್ಮಿತ್ ಮತ್ತು ಅವರ ಸಹೋದ್ಯೋಗಿ ರಫೀಕ್‌ಜಾದ್ ಅವರು ಏಷ್ಯಾದ ಹಲವು ದೇಶಗಳ ಕೇಳುಗರ ಮುಂದೆ ಬೇರೆ ಬೇರೆ ನಾಡಿನವರ ಇಂಗ್ಲಿಷ್ ಮಾತುಗಳನ್ನು ಇಟ್ಟು ಪರೀಕ್ಷಿಸಿದರು. ತಾಯಿನುಡಿಯವರ ಉಚ್ಚಾರವೇ ಉಳಿದವರದಕ್ಕಿಂತ ಹೆಚ್ಚು ಚೆನ್ನಾಗಿ ಅರ್ಥವಾಗುತ್ತದೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ನಮ್ಮ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ಆರ್. ಕೆ. ಬನ್ಸಲ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ತಿಳಿಯದೆ ಹೋಗಲು ಪದದೊಳಗೆ ಒತ್ತು ತಪ್ಪಾದ ಕಡೆ ಬೀಳುವುದು ಒಂದು ಮುಖ್ಯ ಕಾರಣವೆಂದು ತೋರಿಸಿಕೊಟ್ಟರು. ಶಿಕ್ಷಕರಿಗೆ ಇದು ಉಪಯುಕ್ತವಾದ ದಾರಿ. ಯಾವ ಪದದಲ್ಲಿ ಒತ್ತು ಎಲ್ಲಿ ಬೀಳಬೇಕು, 'ಶಿಪ್' ಮತ್ತು 'ಶೀಪ್' ಬೇರೆ ಹೇಗೆ, 'ಸೀ' ಮತ್ತು 'ಶೀ' ಬೇರೆ ಹೇಗೆ ಎಂಬುದನ್ನು ಶ್ರದ್ಧೆಯಿಂದ ಕಲಿಸಬೇಕು. ಏಕೆಂದರೆ ಅಲ್ಲಿ ತಪ್ಪಿದರೆ ಅರ್ಥವೇ ಕೆಡುತ್ತದೆ. ರಕಾರವನ್ನು ನುಂಗಲು, ಮೂಗಿನಲ್ಲಿ ಮಾತನಾಡಲು ಕಲಿಸುವ ಅಗತ್ಯವಿಲ್ಲ. 2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್‌ಗಳು ನಮ್ಮ ಯುವಕರಿಗೆ ಅಮೆರಿಕನ್ ಧಾಟಿಯ ತರಬೇತಿ ಕೊಟ್ಟವು. ಹಲವು ಕಂಪನಿಗಳು ಬರಬರುತ್ತ ಅನುಕರಣೆ ಬಿಟ್ಟು, ಸ್ಪಷ್ಟವಾಗಿ ಅರ್ಥವಾಗುವ ಸರಳ ಉಚ್ಚಾರದ ಕಡೆಗೆ ತಿರುಗಿದವು.

ಮಾತು ಬಾರದ ಮಗು, ಮಾತಾಡದ ಮಗು

ಓದುಗ ಬಂಧುಗಳೇ, ಈ ಇತಿಹಾಸವನ್ನು ಇಷ್ಟು ವಿವರವಾಗಿ ನಿಮ್ಮ ಮುಂದಿಡಲು ಕಾರಣವಿದೆ. ನಮ್ಮ ತರಗತಿಗಳಲ್ಲಿ ಉತ್ತರ ಗೊತ್ತಿದ್ದೂ ಏಳದ ಮಕ್ಕಳಿದ್ದಾರೆ. 'ಸ್ಕೂಲ್' ಎನ್ನಲು ಹೋಗಿ 'ಇಸ್ಕೂಲ್' ಎಂದು ಒಮ್ಮೆ ಎಲ್ಲರ ನಗೆಗೆ ಗುರಿಯಾದ ಮಗು ಮರುದಿನದಿಂದ ಕೈ ಎತ್ತುವುದನ್ನೇ ಬಿಡುತ್ತದೆ. ಅದು ದಡ್ಡ ಮಗುವಲ್ಲ, ಮಾತು ಬಾರದ ಮಗುವೂ ಅಲ್ಲ. ನಾವು ಮಾತಾಡದಂತೆ ಮಾಡಿದ ಮಗು. ಉರ್ದು, ಕನ್ನಡ ಮಾಧ್ಯಮದಿಂದ ಬಂದು, ಕಷ್ಟಪಟ್ಟು ಬಿ.ಎಡ್. ಮುಗಿಸಿ, ವಿಷಯವನ್ನು ಚೆನ್ನಾಗಿ ಬಲ್ಲ ಎಷ್ಟೋ ಶಿಕ್ಷಕ ಶಿಕ್ಷಕಿಯರು ಸಂದರ್ಶನದ ಮೊದಲ ಎರಡು ನಿಮಿಷದ ಉಚ್ಚಾರದಲ್ಲೇ ಅನುತ್ತೀರ್ಣರಾಗುತ್ತಾರೆ. ಅವರ ಪಾಠವನ್ನು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ನಷ್ಟ ಅವರಿಗೆ ಮಾತ್ರವಲ್ಲ, ಅವರಿಂದ ಕಲಿಯಬೇಕಾಗಿದ್ದ ಮಕ್ಕಳಿಗೂ ಹೌದು.

ಆದ್ದರಿಂದ ಶಾಲಾ ಆಡಳಿತ ಮಂಡಳಿಗಳವರಲ್ಲಿ ವಿನಂತಿ: ಶಿಕ್ಷಕರನ್ನು ಆಯ್ಕೆ ಮಾಡುವಾಗ ಅವರನ್ನು ತರಗತಿಯೊಳಗೆ ಕಳುಹಿಸಿ ಪಾಠ ಮಾಡಿಸಿ ನೋಡಿ. ಮಕ್ಕಳಿಗೆ ಅರ್ಥವಾಯಿತೇ ಎಂದು ಕೇಳಿ. ಪೋಷಕರಲ್ಲಿ ವಿನಂತಿ: ಮಗು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ಪೂರ್ತಿ ಹೇಳಲು ಬಿಡಿ, ತಿದ್ದುವುದನ್ನು ಆಮೇಲೆ ತಿದ್ದಿ. ಸಹೋದ್ಯೋಗಿ ಶಿಕ್ಷಕ ಬಂಧುಗಳಲ್ಲಿ ವಿನಂತಿ: ನಿಘಂಟನ್ನು ಬಳಸಿ, ಒತ್ತನ್ನು ಕಲಿಸಿ, ಆದರೆ ನಗುವ ತರಗತಿಯನ್ನು ನಗದಂತೆ ತಡೆಯುವುದನ್ನು ಅದಕ್ಕಿಂತ ಮೊದಲು ಮಾಡಿ.

ಡೇವಿಡ್ ಹ್ಯೂಮ್ ಅವರ ಮಾತಿನ ಧಾಟಿ ಕೊನೆಯವರೆಗೂ ಸ್ಕಾಟ್ಲೆಂಡಿನದೇ ಆಗಿತ್ತು. ಜಾನ್ಸನ್ ಅವರ ನಾಲಗೆಯಿಂದ ಲಿಚ್‌ಫೀಲ್ಡ್ ಹೋಗಲೇ ಇಲ್ಲ. ಅವರ ಗ್ರಂಥಗಳನ್ನು ಜಗತ್ತು ಇಂದಿಗೂ ಓದುತ್ತಿದೆ.  ನಮ್ಮ ಮಕ್ಕಳಿಗೂ ಹೇಳಲು ಏನಾದರೂ ಇರಲಿ. ಅದನ್ನು ಅಂಜದೆ ಹೇಳುವ ಧೈರ್ಯ ಇರಲಿ. ಹೇಳಿದ್ದು ಕೇಳುವವರಿಗೆ ತಿಳಿಯುವಂತಿರಲಿ. ಇಷ್ಟನ್ನು ಕಲಿಸಿಕೊಟ್ಟರೆ ನಾವು ಇಂಗ್ಲಿಷನ್ನು ಸರಿಯಾಗಿಯೇ ಕಲಿಸಿದಂತಾಯಿತು.